ಜ್ವರದ ‘ತೀವ್ರತೆ’ ಅಳೆಯುವ ರಕ್ತಪರೀಕ್ಷೆಯ ಪ್ಯಾಕೇಜ್: ಪುಣೆಯಿಂದ ಒಂದು ವಿಮರ್ಶೆ

ಪುಣೆಯಲ್ಲಿ ಮಳೆ ಹಿಡಿದು ತಿಂಗಳಾಗುತ್ತಿದ್ದಂತೆ ಕೋಥರೂಡ್, ಕರ್ವೆನಗರ, ಸಿಂಹಗಡ ರಸ್ತೆಯ ಕಡೆಯ ಖಾಸಗಿ ಪ್ರಯೋಗಾಲಯಗಳು ಜ್ವರದ ಪ್ಯಾಕೇಜುಗಳನ್ನು ಹೊರತರುತ್ತವೆ. ಸೊಸೈಟಿಯ ಲಿಫ್ಟಿನಲ್ಲಿ ಮರಾಠಿ ಕರಪತ್ರ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ರಿಯಾಯಿತಿಯ ಚಿತ್ರ, ಔಷಧಿ ಅಂಗಡಿಯ ಗಾಜಿನ ಮೇಲೆ ಫೋನ್ ಸಂಖ್ಯೆ. ಅವುಗಳಲ್ಲಿ ಒಂದು ಪ್ಯಾಕೇಜನ್ನು ನಮ್ಮ ಮನೆಯಲ್ಲಿ ಒಂದೇ ಮಳೆಗಾಲದಲ್ಲಿ ಇಬ್ಬರಿಗೆ ಮಾಡಿಸಿದೆವು. ಕಾಲೇಜಿಗೆ ಹೋಗುವ ಹತ್ತೊಂಬತ್ತರ ಮಗನಿಗೆ ಮೊದಲು, ಕೆಲವು ವಾರಗಳ ನಂತರ ಎಪ್ಪತ್ತೆರಡು ವಯಸ್ಸಿನ ಅತ್ತೆಯವರಿಗೆ. ಪ್ರಯೋಗಾಲಯದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಚ್ಚುಕಡಿಮೆ ಇದೇ ಪರೀಕ್ಷೆಗಳ ಕಟ್ಟು ಬೇರೆ ಬೇರೆ ಹೆಸರುಗಳಲ್ಲಿ ನಗರದ ಹಲವು ಕಡೆ ಮಾರಾಟವಾಗುತ್ತಿರುವುದರಿಂದ, ನನ್ನ ಮಾತು ಒಂದು ಅಂಗಡಿಗಿಂತ ಈ ಬಗೆಯ ಸರಕಿಗೇ ಹೆಚ್ಚು ಅನ್ವಯಿಸುತ್ತದೆ.

ಪ್ಯಾಕೇಜಿನಲ್ಲಿ ಇರುವುದು ಇಷ್ಟು: ಸಿಬಿಸಿ ಅಂದರೆ ಸಂಪೂರ್ಣ ರಕ್ತಕಣ ಎಣಿಕೆ, ಉರಿಯೂತವಿದ್ದಾಗ ಏರುವ ಸಿಆರ್‌ಪಿ ಎಂಬ ಪ್ರೋಟೀನ್, ಕಬ್ಬಿಣವನ್ನು ಕೂಡಿಡುವ ಫೆರಿಟಿನ್, ಹೆಪ್ಪಿನ ತುಣುಕಾದ ಡಿ-ಡೈಮರ್, ಜೀವಕೋಶಗಳು ಒಡೆದಾಗ ಹೊರಬರುವ ಎಲ್‌ಡಿಎಚ್ ಎಂಬ ಕಿಣ್ವ, ಉರಿಯೂತದ ಸುದ್ದಿ ಒಯ್ಯುವ ಐಎಲ್-6, ಜೊತೆಗೆ ನ್ಯೂಟ್ರೋಫಿಲ್ ಮತ್ತು ಲಿಂಫೋಸೈಟ್ ಎಂಬ ಎರಡು ಬಗೆಯ ಬಿಳಿ ರಕ್ತಕಣಗಳ ಅನುಪಾತ. ಈ ಕೊನೆಯದನ್ನು ಬೇರೆಯದೇ ಪರೀಕ್ಷೆಯೆಂದು ಎಣಿಸಿ ಪಟ್ಟಿಯನ್ನು ಉದ್ದ ಮಾಡಿದ್ದಾರೆ. ಸಿಬಿಸಿಯಲ್ಲಿ ಈಗಾಗಲೇ ಇರುವ ಎರಡು ಅಂಕಿಗಳಲ್ಲಿ ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಅದು ಸಿಗುತ್ತದೆ. ಭಾಗಾಕಾರಕ್ಕೂ ಬೆಲೆ ಕಟ್ಟುವ ಕಾಲ ಇದು. ಇವೆಲ್ಲವನ್ನೂ ಒಟ್ಟುಗೂಡಿಸಿ ವರದಿಯ ಮೊದಲ ಪುಟದಲ್ಲಿ ಹಸಿರು, ಕಿತ್ತಳೆ, ಕೆಂಪು ಬಣ್ಣಗಳ ಅರ್ಧವೃತ್ತವೊಂದನ್ನು ಬಿಡಿಸಿ, ಮುಳ್ಳನ್ನು ಒಂದು ಕಡೆ ನಿಲ್ಲಿಸಿ, ‘ತೀವ್ರತಾ ಸೂಚ್ಯಂಕ’ ಎಂದು ಬರೆದಿರುತ್ತಾರೆ. ಜನ ದುಡ್ಡು ಕೊಡುವುದು ಈ ಅರ್ಧವೃತ್ತಕ್ಕಾಗಿಯೇ. ವೈರಸ್ ಸೋಂಕು ಎಷ್ಟು ಗಂಭೀರವಾದದ್ದು ಎಂಬುದನ್ನು ರಕ್ತದ ಅಂಕಿಯಿಂದ ಮೊದಲೇ ತಿಳಿಯಬಹುದೆಂಬ ಭರವಸೆ ಅದರಲ್ಲಿದೆ.

ಈ ಭರವಸೆಗೆ ಇಷ್ಟು ಗಿರಾಕಿ ಏಕೆ ಎಂಬುದು ಪುಣೆಯವರಿಗೆ ವಿವರಿಸಬೇಕಾದ ವಿಷಯವಲ್ಲ. 2009ರ ಆಗಸ್ಟ್‌ನಲ್ಲಿ ದೇಶದ ಮೊದಲ ಎಚ್1ಎನ್1 ಸಾವು ಸಂಭವಿಸಿದ್ದು ಈ ಊರಿನಲ್ಲಿ. 2020ರ ಮಾರ್ಚ್‌ನಲ್ಲಿ ಮಹಾರಾಷ್ಟ್ರದ ಮೊದಲ ಕೋವಿಡ್ ಪ್ರಕರಣಗಳು ಪತ್ತೆಯಾದದ್ದೂ ಇಲ್ಲಿಯೇ. 2024ರ ಮಳೆಗಾಲದಲ್ಲಿ ಎರಂಡವಣೆಯ ಸುತ್ತ ಝೀಕಾ ಕಾಣಿಸಿಕೊಂಡಾಗ ಗರ್ಭಿಣಿಯರಿದ್ದ ಮನೆಗಳಲ್ಲಿ ನಿದ್ದೆ ಇರಲಿಲ್ಲ. 1952ರಿಂದ ವೈರಸ್ ಸಂಶೋಧನೆಯಲ್ಲಿ ತೊಡಗಿರುವ ರಾಷ್ಟ್ರೀಯ ವೈರಾಣು ಸಂಸ್ಥೆಯೂ ಇದೇ ಊರಿನಲ್ಲಿದೆ. ವೈರಸ್ಸಿನ ಹೆಸರು ಕಿವಿಗೆ ಬಿದ್ದಾಗಲೆಲ್ಲ ಇಲ್ಲಿಯವರು ಪರೀಕ್ಷೆಯ ಕಡೆಗೆ ಓಡುವುದರಲ್ಲಿ ಆಶ್ಚರ್ಯವಿಲ್ಲ.

ಸೇವೆಯ ಒಳ್ಳೆಯ ಭಾಗವನ್ನು ಮೊದಲು ಹೇಳಬೇಕು, ಏಕೆಂದರೆ ಅದು ನಿಜವಾಗಿಯೂ ಒಳ್ಳೆಯದಿತ್ತು. ಮಗನ ರಕ್ತ ತೆಗೆಯಲು ಬಂದವನು ವಿಜಯಪುರದ ಕಡೆಯ ಹುಡುಗ. ನಾವು ಒಳಗೆ ಕನ್ನಡದಲ್ಲಿ ಮಾತಾಡುವುದನ್ನು ಕೇಳಿದ ಮೇಲೆ ಅವನ ಮರಾಠಿ ತಾನಾಗಿ ನಿಂತು, ‘ಕೈ ಸಡಲ ಬಿಡ್ರಿ, ಒಂದ್ ನಿಮಿಷದಾಗ ಮುಗೀತದ’ ಎಂದ. ಹೇಳಿದ ಸಮಯಕ್ಕೆ ಬಂದಿದ್ದ. ಹೊಸ ಸೂಜಿಯ ಪೊಟ್ಟಣವನ್ನು ನಮ್ಮೆದುರಿಗೆ ಒಡೆದ. ಮೊದಲು ನೀಲಿ ಮುಚ್ಚಳದ ಸಿಟ್ರೇಟ್ ನಳಿಕೆ, ಆಮೇಲೆ ಸೀರಮ್ಮಿನದು, ಕೊನೆಗೆ ನೇರಳೆ ಮುಚ್ಚಳದ ಇಡಿಟಿಎ ನಳಿಕೆ ಎಂಬ ಕ್ರಮವನ್ನು ತಪ್ಪದೆ ಪಾಲಿಸಿದ. ನೀಲಿ ನಳಿಕೆಯನ್ನು ಗುರುತಿನ ಗೆರೆಯವರೆಗೆ ಸರಿಯಾಗಿ ತುಂಬಿದ್ದನ್ನು ವಿಶೇಷವಾಗಿ ಗಮನಿಸಿದೆ. ಅದರಲ್ಲಿ ರಕ್ತ ಒಂಬತ್ತು ಪಾಲು, ಸಿಟ್ರೇಟ್ ಒಂದು ಪಾಲು ಇರಬೇಕು. ಅರ್ಧ ತುಂಬಿದರೆ ಡಿ-ಡೈಮರಿನ ಅಂಕಿಯನ್ನು ನಂಬುವಂತಿಲ್ಲ. ಹೆಸರಿನ ಚೀಟಿಯನ್ನು ರಕ್ತ ತೆಗೆದ ಕೂಡಲೇ, ಹಾಸಿಗೆಯ ಪಕ್ಕದಲ್ಲಿಯೇ ಅಂಟಿಸಿ, ವಯಸ್ಸನ್ನು ಓದಿ ಹೇಳಿ ಖಚಿತಪಡಿಸಿಕೊಂಡ. ಬೆಳಿಗ್ಗೆ ತೆಗೆದ ರಕ್ತದ ವರದಿ ಸಂಜೆಯ ಚಹಾದ ಹೊತ್ತಿಗೆ ಫೋನಿಗೆ ಬಂತು.

ಆದರೆ ಆ ಹುಡುಗನಾಗಲಿ, ಬುಕಿಂಗ್ ಮಾಡಿಕೊಂಡ ಆ್ಯಪ್ ಆಗಲಿ ಒಂದು ಪ್ರಶ್ನೆಯನ್ನು ಕೇಳಲಿಲ್ಲ: ಜ್ವರ ಬಂದು ಎಷ್ಟನೆಯ ದಿನ? ಉಪವಾಸವಿದ್ದೀರಾ ಎಂದು ಕೇಳಿದರು, ಈ ಪರೀಕ್ಷೆಗಳಿಗೆ ಅದು ಬೇಕಾಗಿರಲಿಲ್ಲ. ರೋಗದ ದಿನವನ್ನು ಕೇಳುವ ಜಾಗ ಅರ್ಜಿಯಲ್ಲಿಯೇ ಇಲ್ಲ. ಈ ಪ್ಯಾಕೇಜಿನ ಬಗ್ಗೆ ನನ್ನ ಮುಖ್ಯ ತಕರಾರು ಇದೇ.

ಮಗನಿಗೆ ಅದು ಜ್ವರದ ಎರಡನೆಯ ದಿನ. ಕಣ್ಣಿನ ಹಿಂದೆ ನೋವು, ಮೈಕೈ ನೋವು, ತಾಪ 103 ಡಿಗ್ರಿ. ವರದಿಯಲ್ಲಿ ಸಿಆರ್‌ಪಿ ಲೀಟರಿಗೆ 9 ಮಿಲಿಗ್ರಾಂ, ಪ್ಲೇಟ್‌ಲೆಟ್ 1,58,000, ಫೆರಿಟಿನ್, ಡಿ-ಡೈಮರ್, ಎಲ್‌ಡಿಎಚ್ ಮೂರೂ ಮಿತಿಯೊಳಗೆ. ಐಎಲ್-6 ಮಾತ್ರ ತುಸು ಮೇಲೆ. ಮುಳ್ಳು ಹಸಿರಿನಲ್ಲಿ ನಿಂತಿತ್ತು. ಕೆಳಗೆ ‘ಸೌಮ್ಯ’ ಎಂಬ ಷರಾ. ಕೋಥರೂಡಿನಲ್ಲಿ ನಮ್ಮನ್ನು ವರ್ಷಗಳಿಂದ ನೋಡಿಕೊಂಡು ಬಂದಿರುವ ವೈದ್ಯರು ಅರ್ಧವೃತ್ತದ ಪುಟವನ್ನು ಸರಿಸಿ ನೇರವಾಗಿ ಸಿಬಿಸಿಯ ಪುಟಕ್ಕೆ ಹೋದರು. ಬಿಳಿ ರಕ್ತಕಣಗಳು 3,600ಕ್ಕೆ ಇಳಿದಿದ್ದವು. ಸೂಚ್ಯಂಕದ ಲೆಕ್ಕದಲ್ಲಿ ಅದಕ್ಕೆ ಜಾಗವೇ ಇದ್ದಂತಿರಲಿಲ್ಲ. ವೈದ್ಯರ ಬೆರಳು ನಿಂತದ್ದು ಅಲ್ಲಿ. ಪುಣೆಯ ಸೆಪ್ಟೆಂಬರ್‌ನಲ್ಲಿ, ಈ ವಯಸ್ಸಿನಲ್ಲಿ, ಇಂಥ ಜ್ವರಕ್ಕೆ ಬಿಳಿ ಕಣಗಳು ಇಳಿದಿವೆ ಎಂದರೆ ಮೊದಲು ನೋಡಬೇಕಾದದ್ದು ಡೆಂಗಿ ಎಂದು ಹೇಳಿ ಎನ್‌ಎಸ್1 ಪರೀಕ್ಷೆ ಬರೆದುಕೊಟ್ಟರು.

ಎರಡು ಸಾವಿರ ರೂಪಾಯಿಗೂ ಮೇಲ್ಪಟ್ಟ ಜ್ವರದ ಪ್ಯಾಕೇಜಿನಲ್ಲಿ, ಅದೂ ಮಳೆಗಾಲದ ಪುಣೆಯಲ್ಲಿ, ಎನ್‌ಎಸ್1 ಇರಲಿಲ್ಲ. ಈ ವೈರಸ್ ಪ್ರೋಟೀನ್ ಜ್ವರದ ಮೊದಲ ದಿನಗಳಲ್ಲಿಯೇ ರಕ್ತದಲ್ಲಿ ಸಿಗುತ್ತದೆ, ಐದನೆಯ ದಿನ ಕಳೆದಂತೆ ಸಿಗುವ ಸಾಧ್ಯತೆ ಕಡಿಮೆಯಾಗುತ್ತದೆ. ಐಜಿಎಂ ಪ್ರತಿಕಾಯ ಕಾಣಿಸಿಕೊಳ್ಳುವುದು ಹೆಚ್ಚಾಗಿ ಐದನೆಯ ದಿನದ ಆಸುಪಾಸಿನಲ್ಲಿ. ಯಾವ ವೈರಸ್ ಎಂಬುದು ಗೊತ್ತಿಲ್ಲದೆ ಅದರ ತೀವ್ರತೆಯನ್ನು ಅಳೆಯುತ್ತೇವೆ ಎನ್ನುವುದಕ್ಕೆ ಅರ್ಥವಿಲ್ಲ, ಏಕೆಂದರೆ ಒಂದೊಂದು ವೈರಸ್ಸೂ ಕೆಡಿಸುವ ದಾರಿ ಬೇರೆ. ಕೋವಿಡ್ ಕೆಟ್ಟಾಗ ಉರಿಯೂತ ಶ್ವಾಸಕೋಶದಲ್ಲಿ ಹೊತ್ತಿಕೊಳ್ಳುತ್ತದೆ, ಸಿಆರ್‌ಪಿ ಏರುತ್ತದೆ, ಲಿಂಫೋಸೈಟ್ ಇಳಿಯುತ್ತದೆ. ಡೆಂಗಿ ಕೆಟ್ಟಾಗ ರಕ್ತನಾಳಗಳ ಗೋಡೆ ಸೋರತೊಡಗಿ ಪ್ಲಾಸ್ಮಾ ಹೊರಗೆ ಹರಿಯುತ್ತದೆ. ಆಗ ಸಿಆರ್‌ಪಿ ದೊಡ್ಡದಾಗಿರಲೇಬೇಕೆಂದಿಲ್ಲ. ಕೋವಿಡ್ ಕಾಲದಲ್ಲಿ ಆಸ್ಪತ್ರೆಗಳಿಗೆಂದು ಜೋಡಿಸಿದ ಪರೀಕ್ಷೆಗಳ ಕಟ್ಟನ್ನು ಹೆಸರು ಬದಲಿಸಿ ಎಲ್ಲ ಜ್ವರಕ್ಕೂ ಮಾರುತ್ತಿದ್ದಾರೆ ಎಂಬುದು ನನ್ನ ಅನುಮಾನ.

ಎನ್‌ಎಸ್1 ಪಾಸಿಟಿವ್ ಬಂತು. ಮುಂದಿನ ದಿನಗಳಲ್ಲಿ ವೈದ್ಯರು ಕೇಳಿದ್ದು ಪ್ರತಿದಿನದ ಸಿಬಿಸಿ ಮಾತ್ರ. ಅದರಲ್ಲಿ ಅವರು ನೋಡುತ್ತಿದ್ದದ್ದು ನಾವು ನೋಡುತ್ತಿದ್ದದ್ದಕ್ಕಿಂತ ಬೇರೆ. ಮನೆಯವರೆಲ್ಲರ ಕಣ್ಣು ಪ್ಲೇಟ್‌ಲೆಟ್ಟಿನ ಮೇಲೆ. ಹುಬ್ಬಳ್ಳಿಯಿಂದ, ಧಾರವಾಡದಿಂದ ಬರುತ್ತಿದ್ದ ಪ್ರತಿಯೊಂದು ಫೋನೂ ‘ಎಷ್ಟಕ್ಕೆ ಬಂತು?’ ಎಂದೇ ಶುರುವಾಗುತ್ತಿತ್ತು, ಪಪ್ಪಾಯಿ ಎಲೆಯ ರಸದಲ್ಲಿ ಮುಗಿಯುತ್ತಿತ್ತು. ವೈದ್ಯರು ನೋಡುತ್ತಿದ್ದದ್ದು ಹೆಮಟೋಕ್ರಿಟ್, ಅಂದರೆ ರಕ್ತದಲ್ಲಿ ಕೆಂಪು ಕಣಗಳು ಆಕ್ರಮಿಸಿರುವ ಪಾಲು. ಪ್ಲಾಸ್ಮಾ ಸೋರಿದರೆ ಉಳಿದ ರಕ್ತ ಗಟ್ಟಿಯಾಗುತ್ತದೆ, ಈ ಪಾಲು ಏರುತ್ತದೆ. ರೋಗಿಯ ಮೊದಲಿನ ಮಟ್ಟಕ್ಕಿಂತ ಶೇ. 20ರಷ್ಟು ಏರಿದರೆ ಸೋರಿಕೆ ಗಣನೀಯವೆಂದು ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಪಟ್ಟಿ ಮಾಡಿದ ಡೆಂಗಿಯ ಎಚ್ಚರಿಕೆಯ ಲಕ್ಷಣಗಳಲ್ಲಿ ಪ್ರಯೋಗಾಲಯದ ಅಂಶ ಇರುವುದು ಒಂದೇ: ಪ್ಲೇಟ್‌ಲೆಟ್ ವೇಗವಾಗಿ ಕುಸಿಯುತ್ತಿರುವಾಗಲೇ ಹೆಮಟೋಕ್ರಿಟ್ ಏರುವುದು. ಉಳಿದವು ಹೊಟ್ಟೆನೋವು, ನಿಲ್ಲದ ವಾಂತಿ, ವಸಡು-ಮೂಗಿನ ರಕ್ತಸ್ರಾವ, ಮಂಕು ಅಥವಾ ಚಡಪಡಿಕೆ, ಹಿಗ್ಗಿದ ಯಕೃತ್ತು, ಮೈಯೊಳಗೆ ದ್ರವ ತುಂಬಿಕೊಳ್ಳುವುದು. ಇವೆಲ್ಲ ರೋಗಿಯ ಬಳಿ ಕುಳಿತು ಕೇಳಿ, ಮುಟ್ಟಿ ನೋಡಿ ತಿಳಿಯಬೇಕಾದವು.

ಮಗನ ಹೆಮಟೋಕ್ರಿಟ್ ಮೊದಲ ವರದಿಯಲ್ಲಿ 42 ಇತ್ತು. ಜ್ವರ ಇಳಿದು ನಾವೆಲ್ಲ ಉಸಿರು ಬಿಟ್ಟ ದಿನ 46ಕ್ಕೆ ಬಂತು, ಪ್ಲೇಟ್‌ಲೆಟ್ 82,000ಕ್ಕೆ ಬಿತ್ತು. ಪ್ರಯೋಗಾಲಯದ ವರದಿ ಪ್ಲೇಟ್‌ಲೆಟ್ಟನ್ನು ದಪ್ಪ ಕೆಂಪಕ್ಷರದಲ್ಲಿ ಮುದ್ರಿಸಿತ್ತು. 46ರ ಪಕ್ಕದಲ್ಲಿ ಯಾವ ಗುರುತೂ ಇರಲಿಲ್ಲ, ಏಕೆಂದರೆ ವಯಸ್ಕ ಗಂಡಸಿಗೆ 40ರಿಂದ 50ರವರೆಗೆ ಸಹಜವೆಂದು ಅವರ ಕೋಷ್ಟಕ ಹೇಳುತ್ತದೆ. ಆದರೆ ಈ ಹುಡುಗನ ಸಹಜ ಮಟ್ಟ 42. ಅದರಿಂದ ಲೆಕ್ಕ ಹಾಕಿದರೆ ಸುಮಾರು ಶೇ. 10ರಷ್ಟು ಏರಿಕೆ, ಅಂದರೆ ಶೇ. 20ರ ಅರ್ಧ ದಾರಿ. ವೈದ್ಯರು ಆ ದಿನ ಮೂತ್ರ ಎಷ್ಟು ಸಲ ಹೋಗಿದೆ, ಕೈಕಾಲು ತಣ್ಣಗಿದೆಯೇ, ನಾಡಿ, ರಕ್ತದೊತ್ತಡ ಎಲ್ಲವನ್ನೂ ನೋಡಿ, ಓಆರ್‌ಎಸ್, ಎಳನೀರು, ಗಂಜಿ ಎಷ್ಟೆಷ್ಟು ಕುಡಿಯಬೇಕೆಂದು ಬರೆದುಕೊಟ್ಟು, ಮರುದಿನ ಬೆಳಿಗ್ಗೆ ಮತ್ತೆ ಸಿಬಿಸಿ ಮಾಡಿಸಲು ಹೇಳಿದರು. ಡೆಂಗಿಯಲ್ಲಿ ಅಪಾಯದ ಹೊತ್ತು ಜ್ವರ ಏರಿದಾಗ ಅಲ್ಲ, ಮೂರರಿಂದ ಏಳನೆಯ ದಿನದ ನಡುವೆ ಅದು ಇಳಿಯುವಾಗ. ಒಂದೆರಡು ದಿನ ಮಾತ್ರ ಇರುವ ಆ ಕಿಟಕಿಯಲ್ಲಿ ಕಣ್ಣಿಟ್ಟು ಕಾಯಬೇಕು. ಮರುದಿನ ಪ್ಲೇಟ್‌ಲೆಟ್ 61,000ಕ್ಕೆ ಇಳಿದಿತ್ತು, ಮನೆಯಲ್ಲಿ ಗಾಬರಿಯೋ ಗಾಬರಿ. ಹೆಮಟೋಕ್ರಿಟ್ 43ಕ್ಕೆ ಮರಳಿತ್ತು, ವೈದ್ಯರ ಮುಖ ಸಡಿಲವಾಯಿತು. ರಕ್ತಸ್ರಾವವಿಲ್ಲದಿದ್ದರೆ ಪ್ಲೇಟ್‌ಲೆಟ್ 10,000ಕ್ಕಿಂತ ಕೆಳಗೆ ಹೋಗುವವರೆಗೆ ಸಾಮಾನ್ಯವಾಗಿ ಅದನ್ನು ಏರಿಸುವ ಅಗತ್ಯವಿಲ್ಲ ಎಂಬ ನಿಯಮವನ್ನು ಅವರು ನೆಂಟರ ಫೋನಿಗೂ ಒಮ್ಮೆ ವಿವರಿಸಿ ಹೇಳಬೇಕಾಯಿತು.

ಹೀಗೆ ಎರಡನೆಯ ದಿನದ ಹಸಿರು ಮುಳ್ಳು ನಾಲ್ಕೈದನೆಯ ದಿನದ ಬಗ್ಗೆ ಏನನ್ನೂ ಹೇಳಿರಲಿಲ್ಲ, ಹೇಳಲು ಸಾಧ್ಯವೂ ಇರಲಿಲ್ಲ. ಭಿಡೆ ಸೇತುವೆಯ ಬಳಿ ತೆಗೆದ ಮುಠಾ ನದಿಯ ಒಂದು ಚಿತ್ರವನ್ನು ನೋಡಿ ಖಡಕ್‌ವಾಸ್ಲಾ ಅಣೆಕಟ್ಟಿನಿಂದ ನೀರು ಬಿಟ್ಟಿದ್ದಾರೆಯೇ ಇಲ್ಲವೇ ಎಂದು ಹೇಳಲಾಗದು. ನೀರು ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿಯಲು ಎರಡು ಹೊತ್ತಿನ ಚಿತ್ರಗಳಾದರೂ ಬೇಕು. ಪ್ರಯೋಗಾಲಯದ ಬಳಿ ನಮ್ಮ ಹಿಂದಿನ ವರದಿಗಳೆಲ್ಲ ಇದ್ದವು. ಅವನ್ನು ಪಕ್ಕಪಕ್ಕದಲ್ಲಿ ಇಟ್ಟು ತೋರಿಸುವ ಒಂದು ಸಣ್ಣ ಕೋಷ್ಟಕ ಆ ಬಣ್ಣದ ಅರ್ಧವೃತ್ತಕ್ಕಿಂತ ಎಷ್ಟೋ ಉಪಯುಕ್ತವಾಗುತ್ತಿತ್ತು. ಅದನ್ನು ನಾನೇ ಒಂದು ಹಾಳೆಯ ಮೇಲೆ ಬರೆದುಕೊಂಡೆ.

ಅತ್ತೆಯವರ ಕಥೆ ಇದಕ್ಕೆ ತದ್ವಿರುದ್ಧ. ಜ್ವರ, ಗಂಟಲು ನೋವು, ಕೆಮ್ಮು. ಮೂಗಿನ ಸ್ವಾಬ್‌ನಲ್ಲಿ ಇನ್‌ಫ್ಲುಯೆಂಜಾ ಎ ಎಂದು ಬಂದಿತ್ತು. ವಯಸ್ಸು ಅರವತ್ತೈದನ್ನು ದಾಟಿರುವುದರಿಂದ ಅವರು ಹೇಗೂ ಹೆಚ್ಚಿನ ಅಪಾಯದ ಗುಂಪಿನವರು, ಫ್ಲೂ ಔಷಧವಾದ ಒಸೆಲ್ಟಮಿವಿರ್ ಎಷ್ಟು ಬೇಗ, ಸಾಧ್ಯವಾದರೆ ಮೊದಲ 48 ಗಂಟೆಗಳೊಳಗೆ, ಶುರುವಾದರೆ ಅಷ್ಟು ಒಳ್ಳೆಯದು ಎಂದು ವೈದ್ಯರು ಅಂದೇ ಔಷಧ ಆರಂಭಿಸಿದ್ದರು. ಆ ನಿರ್ಧಾರಕ್ಕೆ ವಯಸ್ಸು ಮತ್ತು ದಿನ ಸಾಕಾಗಿದ್ದವು. ಪ್ಯಾಕೇಜ್ ಮಾಡಿಸಿದ್ದು ಮುಂಬಯಿಯಲ್ಲಿರುವ ನನ್ನ ಮೈದುನನ ಒತ್ತಾಯಕ್ಕೆ.

ಈ ಬಾರಿ ಬಂದವರು ಬೇರೆ. ಮುದುಕರ ತೆಳು ನರ ಸಿಗದೆ ಸಿರಿಂಜಿನಿಂದ ಬಲವಾಗಿ ಎಳೆದು, ಅದೇ ರಕ್ತವನ್ನು ಸೂಜಿಯ ಮೂಲಕ ನಳಿಕೆಗಳಿಗೆ ಒತ್ತಿ ತುಂಬಿದರು. ಹಾಗೆ ಮಾಡಿದರೆ ಕೆಂಪು ಕಣಗಳು ಒಡೆಯುತ್ತವೆ. ಕೆಂಪು ಕಣದೊಳಗೆ ಎಲ್‌ಡಿಎಚ್ ಪ್ಲಾಸ್ಮಾಕ್ಕಿಂತ ಎಷ್ಟೋ ಪಟ್ಟು ಹೆಚ್ಚಿರುವುದರಿಂದ, ಒಡೆದ ಕಣಗಳ ರಕ್ತದಲ್ಲಿ ಅದು ಸುಳ್ಳೇ ಏರಿ ಕಾಣುತ್ತದೆ. ವರದಿಯ ಕೊನೆಯ ಪುಟದಲ್ಲಿ, ಕನ್ನಡಕ ಹಾಕಿದರೂ ಹುಡುಕಿ ಓದಬೇಕಾದ ಅಕ್ಷರದಲ್ಲಿ, ‘ಮಾದರಿ ಸ್ವಲ್ಪ ಹಿಮೋಲೈಸ್ ಆಗಿದೆ’ ಎಂಬ ಷರಾ ಇತ್ತು. ಪ್ರಾಮಾಣಿಕತೆಗೆ ಮೆಚ್ಚಬೇಕು. ಆದರೆ ಮೊದಲ ಪುಟದ ಸೂಚ್ಯಂಕಕ್ಕೆ ಅದೇ ಎಲ್‌ಡಿಎಚ್‌ನ ಅಂಕಿ ಯಾವ ಸಂಕೋಚವೂ ಇಲ್ಲದೆ ಸೇರಿತ್ತು.

ಡಿ-ಡೈಮರ್ ಮಿಲಿಲೀಟರಿಗೆ 640 ನ್ಯಾನೋಗ್ರಾಂ, ಎಫ್‌ಇಯು ಎಂಬ ಮಾನದಲ್ಲಿ. 500ರ ಮಿತಿ ದಾಟಿದ್ದಕ್ಕೆ ಕೆಂಪು ಬಾಣ. ಡಿ-ಡೈಮರ್ ಎಂಬುದು ರಕ್ತದ ಹೆಪ್ಪು ಕರಗುವಾಗ ಉಳಿಯುವ ತುಣುಕು. ವಯಸ್ಸಾದಂತೆ ಯಾವ ಕಾಯಿಲೆಯಿಲ್ಲದೆಯೂ ಅದು ಏರುತ್ತದೆ, ಗರ್ಭಿಣಿಯರಲ್ಲಿ, ಶಸ್ತ್ರಚಿಕಿತ್ಸೆಯ ನಂತರ ಏರುತ್ತದೆ. ಶ್ವಾಸಕೋಶದಲ್ಲಿ ಹೆಪ್ಪು ಇಲ್ಲವೆಂದು ಖಚಿತಪಡಿಸಿಕೊಳ್ಳಲು ಇದನ್ನು ಬಳಸುವಾಗ, ಐವತ್ತು ದಾಟಿದವರಿಗೆ ವಯಸ್ಸನ್ನು ಹತ್ತರಿಂದ ಗುಣಿಸಿ ಮಿತಿಯನ್ನು ಸಡಿಲಿಸುವ ಪದ್ಧತಿ ವೈದ್ಯರಲ್ಲಿದೆ. ಅದರಂತೆ ಅತ್ತೆಯವರಿಗೆ ಮಿತಿ 720. ಫ್ಲೂ ಎಷ್ಟು ತೀವ್ರವೆಂದು ತೂಗಲು ಆ ಲೆಕ್ಕ ಮಾಡಿದ್ದಲ್ಲ ನಿಜ. ಆದರೆ ಹತ್ತೊಂಬತ್ತರ ಹುಡುಗನಿಗೂ ಎಪ್ಪತ್ತೆರಡರ ಮುದುಕಿಗೂ ಒಂದೇ ಗೆರೆ ಎಳೆಯುವುದು ಸರಿಯಲ್ಲ ಎಂಬುದನ್ನು ತೋರಿಸಲು ಅಷ್ಟು ಸಾಕು. ಇನ್ನೊಂದು ತೊಡಕೂ ಇದೆ. ಕೆಲವು ಪ್ರಯೋಗಾಲಯಗಳು ಡಿಡಿಯು ಎಂಬ ಮಾನದಲ್ಲಿ ವರದಿ ಕೊಡುತ್ತವೆ. ಎಫ್‌ಇಯು ಅಂಕಿ ಅದರ ಸುಮಾರು ಎರಡರಷ್ಟು. ಮಾನವನ್ನು ಓದದೆ ಎರಡು ವರದಿಗಳನ್ನು ಹೋಲಿಸಿದವರು, ಏನೂ ಆಗದಿದ್ದರೂ ರೋಗ ದುಪ್ಪಟ್ಟಾಯಿತೆಂದು ತಿಳಿಯುತ್ತಾರೆ.

ಸಿಆರ್‌ಪಿಯಲ್ಲಂತೂ ಈ ಗೊಂದಲ ಹತ್ತು ಪಟ್ಟು. ಅತ್ತೆಯವರದು ಲೀಟರಿಗೆ 48 ಮಿಲಿಗ್ರಾಂ. ಬೆಳಗಾವಿಯ ಸಂಬಂಧಿಕರೊಬ್ಬರು ತಮ್ಮ ಹಳೆಯ ವರದಿ ತೆಗೆದು, ‘ನನಗೆ ನ್ಯುಮೋನಿಯಾ ಆದಾಗಲೇ ಬರೀ 11 ಇತ್ತು, ನಿಮ್ಮದು ಇಷ್ಟಾ?’ ಎಂದು ಕಂಗಾಲಾದರು. ಅವರದು ಡೆಸಿಲೀಟರಿನ ಲೆಕ್ಕ. ಲೀಟರಿಗೆ ಪರಿವರ್ತಿಸಿದರೆ 110.

ಸಿಆರ್‌ಪಿಯ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು, ಏಕೆಂದರೆ ಇಡೀ ಪ್ಯಾಕೇಜಿನಲ್ಲಿ ಸಿಬಿಸಿಯ ನಂತರ ದುಡ್ಡಿಗೆ ತಕ್ಕ ಬೆಲೆಯಿರುವುದು ಅದಕ್ಕೆ. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬ ಸಂಶೋಧಕರು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಇದನ್ನು ಗುರುತಿಸಿದರು. ಉರಿಯೂತದ ಸುದ್ದಿಯನ್ನು ಐಎಲ್-6 ಯಕೃತ್ತಿಗೆ ಮುಟ್ಟಿಸಿದಾಗ ಯಕೃತ್ತು ಇದನ್ನು ತಯಾರಿಸುತ್ತದೆ. ಕೆಲವೇ ಗಂಟೆಗಳಲ್ಲಿ ಏರತೊಡಗಿ, ಸುಮಾರು ಎರಡು ದಿನಕ್ಕೆ ಶಿಖರ ಮುಟ್ಟುತ್ತದೆ. ಪ್ರಚೋದನೆ ನಿಂತರೆ ಸುಮಾರು 19 ಗಂಟೆಗಳಿಗೊಮ್ಮೆ ಅರ್ಧಕ್ಕರ್ಧ ಇಳಿಯುತ್ತದೆ. ಹೀಗೆ ಚುರುಕಾಗಿ ಏರಿ ಚುರುಕಾಗಿ ಇಳಿಯುವುದರಿಂದ, ಎರಡು ದಿನ ಬಿಟ್ಟು ಮತ್ತೆ ಮಾಡಿದರೆ ದಿಕ್ಕು ಚೆನ್ನಾಗಿ ತಿಳಿಯುತ್ತದೆ. ಆಸ್ಪತ್ರೆಯಲ್ಲಿ ಅದರ ಮೇಲೆ ನಿಜವಾದ ನಿರ್ಧಾರಗಳೂ ನಿಂತಿವೆ: ಬ್ರಿಟನ್ನಿನ ರಿಕವರಿ ಎಂಬ ಔಷಧ ಪ್ರಯೋಗದಲ್ಲಿ ಟೋಸಿಲಿಝುಮಾಬ್ ಔಷಧಕ್ಕೆ ಆರಿಸಿಕೊಂಡದ್ದು ಆಮ್ಲಜನಕ ಇಳಿದಿರುವ ಮತ್ತು ಸಿಆರ್‌ಪಿ 75 ಅಥವಾ ಅದಕ್ಕೂ ಮೇಲಿರುವ ಕೋವಿಡ್ ರೋಗಿಗಳನ್ನು. ಎರಡು ಷರತ್ತುಗಳೂ ಒಟ್ಟಿಗೆ ಬೇಕಿತ್ತು. ಸಿಆರ್‌ಪಿ ಒಂದೇ ಹೆಚ್ಚಿದ್ದರೆ ಸಾಕಾಗುತ್ತಿರಲಿಲ್ಲ.

ಅದೇ ಔಷಧದಿಂದ ಒಂದು ವಿಚಿತ್ರವೂ ತಿಳಿಯುತ್ತದೆ. ಟೋಸಿಲಿಝುಮಾಬ್ ಐಎಲ್-6ರ ಬಾಗಿಲನ್ನೇ ಮುಚ್ಚುವುದರಿಂದ, ಯಕೃತ್ತಿಗೆ ಸುದ್ದಿ ಮುಟ್ಟದೆ ಸಿಆರ್‌ಪಿ ಕುಸಿಯುತ್ತದೆ. ರೋಗಿ ಚೇತರಿಸಿಕೊಂಡನೋ ಇಲ್ಲವೋ ಅದರಿಂದ ಹೇಳಲಾಗದು. ಸ್ಟೀರಾಯ್ಡ್ ಕೊಟ್ಟರೆ ರಕ್ತದಲ್ಲಿ ನ್ಯೂಟ್ರೋಫಿಲ್ ಏರಿ ಲಿಂಫೋಸೈಟ್ ಇಳಿದು, ಭಾಗಾಕಾರದ ಆ ಅನುಪಾತ ಔಷಧದಿಂದಲೇ ಹೆಚ್ಚುತ್ತದೆ. ಯಾವ ಔಷಧ ತೆಗೆದುಕೊಳ್ಳುತ್ತಿದ್ದೀರಿ ಎಂದು ಕೇಳುವ ಜಾಗವೂ ಈ ಅರ್ಜಿಯಲ್ಲಿ ಇಲ್ಲ. ನಮ್ಮ ಊರುಗಳಲ್ಲಿ ಜ್ವರಕ್ಕೆ ಔಷಧಿ ಅಂಗಡಿಯವರೇ ಸ್ಟೀರಾಯ್ಡ್ ಮಾತ್ರೆ ಕೈಗಿಡುವುದುಂಟು, ಹಾಗಾಗಿ ಇದು ಸಣ್ಣ ಲೋಪವಲ್ಲ.

ಅತ್ತೆಯವರ ಮುಳ್ಳು ಕಿತ್ತಳೆಯನ್ನು ದಾಟಿ ಕೆಂಪಿನ ಅಂಚಿಗೆ ಬಂದಿತ್ತು. ಸಂಜೆ ವರದಿ ಬಂದ ಅರ್ಧ ಗಂಟೆಯೊಳಗೆ ಪ್ರಯೋಗಾಲಯದಿಂದಲೇ ಫೋನ್ ಬಂದು, ‘ತಜ್ಞರ ಸಲಹೆ’ ಮತ್ತು ಎದೆಯ ಸಿಟಿ ಸ್ಕ್ಯಾನಿಗೆ ರಿಯಾಯಿತಿ ಇದೆ ಎಂದರು. ವೈದ್ಯರು ಮನೆಗೆ ಬಂದು ಮಾಡಿದ್ದು ಏನೆಂದರೆ, ಅತ್ತೆಯವರು ಒಂದು ನಿಮಿಷಕ್ಕೆ ಎಷ್ಟು ಸಲ ಉಸಿರಾಡುತ್ತಾರೆ ಎಂದು ಗಡಿಯಾರ ನೋಡಿ ಎಣಿಸಿದರು, ಬೆರಳಿಗೆ ಆಕ್ಸಿಮೀಟರ್ ಹಾಕಿದರು, ನಾಲ್ಕು ಹೆಜ್ಜೆ ನಡೆಸಿ ಮತ್ತೆ ನೋಡಿದರು, ನಿನ್ನೆ ಏನು ಊಟ ಮಾಡಿದಿರಿ ಎಂದು ಕೇಳಿ ಉತ್ತರದಲ್ಲಿ ತೊದಲಿಕೆಯಿದೆಯೇ ಎಂದು ಗಮನಿಸಿದರು. ಉಸಿರು 18, ಆಮ್ಲಜನಕ 96, ನಡೆದ ಮೇಲೂ ಇಳಿಯಲಿಲ್ಲ, ನಿನ್ನೆಯ ಊಟದ ಬಗ್ಗೆ ದೂರು ಸಹಿತ ಸ್ಪಷ್ಟ ಉತ್ತರ. ಮನೆಯಲ್ಲಿಯೇ ಇರಲಿ ಎಂದರು. ಸಿಟಿ ಬೇಡ ಎಂದರು. ವಾರದೊಳಗೆ ಅವರು ಮೊದಲಿನಂತಾದರು.

2021ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ದೆಹಲಿಯ ಏಮ್ಸ್ ಆಸ್ಪತ್ರೆ ಹೊರಡಿಸಿದ ಕೋವಿಡ್ ಮಾರ್ಗಸೂಚಿಯಲ್ಲಿಯೂ ಸೌಮ್ಯ, ಮಧ್ಯಮ, ತೀವ್ರ ಎಂಬ ವಿಂಗಡಣೆ ನಿಂತದ್ದು ಇದೇ ಎರಡರ ಮೇಲೆ: ಉಸಿರಾಟ ನಿಮಿಷಕ್ಕೆ 24 ಮುಟ್ಟಿದರೆ ಅಥವಾ ಆಮ್ಲಜನಕ 90ರಿಂದ 93ಕ್ಕೆ ಇಳಿದರೆ ಮಧ್ಯಮ, ಉಸಿರಾಟ 30 ದಾಟಿದರೆ ಅಥವಾ ಆಮ್ಲಜನಕ 90ಕ್ಕಿಂತ ಕೆಳಗಿಳಿದರೆ ತೀವ್ರ. ರಕ್ತಸೂಚಕಗಳು ಬರುವುದು ಆಮೇಲೆ, ಆಸ್ಪತ್ರೆಯಲ್ಲಿರುವವರ ಏರಿಳಿತ ನೋಡಲು. ಐಎಲ್-6 ಅಂತೂ ರೋಗಿ ಹದಗೆಡುತ್ತಿದ್ದರೆ ಮಾತ್ರ. ಆ ವರ್ಷದ ಮೇ ತಿಂಗಳಲ್ಲಿ ಏಮ್ಸ್‌ನ ನಿರ್ದೇಶಕರಾಗಿದ್ದ ಡಾ. ರಣದೀಪ್ ಗುಲೇರಿಯಾ, ಆಮ್ಲಜನಕ ಸರಿಯಿದ್ದು ಜ್ವರ ಸೌಮ್ಯವಾಗಿರುವವರು ಸಿಟಿ ಸ್ಕ್ಯಾನಿಗೂ ಸಿಆರ್‌ಪಿ, ಎಲ್‌ಡಿಎಚ್‌ಗಳಿಗೂ ಓಡಬೇಡಿ, ಅದರಿಂದ ಗಾಬರಿ ಹೆಚ್ಚುತ್ತದೆ ಅಷ್ಟೇ ಎಂಬರ್ಥದಲ್ಲಿ ಬಹಿರಂಗವಾಗಿ ಎಚ್ಚರಿಸಿದ್ದರು. ಅಂದು ಬೇಡವೆಂದದ್ದು ಇಂದು ಮನೆಬಾಗಿಲಿಗೆ ರಿಯಾಯಿತಿಯಲ್ಲಿ ಬರುತ್ತಿದೆ.

ಹಾಗೆಂದು ಅಂಕಿಗಳನ್ನು ಸೇರಿಸಿ ತೀವ್ರತೆಯನ್ನು ಲೆಕ್ಕ ಹಾಕುವುದೇ ತಪ್ಪು ಎಂದಲ್ಲ. ಬ್ರಿಟನ್ನಿನ ಆಸ್ಪತ್ರೆಗಳ ಕೋವಿಡ್ ರೋಗಿಗಳನ್ನು ಆಧರಿಸಿ 2020ರಲ್ಲಿ ಪ್ರಕಟವಾದ 4ಸಿ ಎಂಬ ಅಂಕಪದ್ಧತಿಯಿದೆ. ಅದರಲ್ಲಿ ಏನಿದೆ, ಯಾವುದಕ್ಕೆ ಎಷ್ಟು ಅಂಕ ಎಂಬುದೆಲ್ಲ ಬಹಿರಂಗ. ಒಟ್ಟು 21ರಲ್ಲಿ ವಯಸ್ಸಿಗೇ 7ರವರೆಗೆ. ಉಳಿದದ್ದು ಲಿಂಗ, ಇತರ ಕಾಯಿಲೆಗಳು, ಉಸಿರಾಟದ ವೇಗ, ಆಮ್ಲಜನಕ, ಪ್ರಜ್ಞೆಯ ಮಟ್ಟ, ಮತ್ತು ರಕ್ತದಿಂದ ಎರಡೇ ಎರಡು, ಯೂರಿಯಾ ಮತ್ತು ಸಿಆರ್‌ಪಿ. ಯೂರಿಯಾಕ್ಕೆ 3 ಅಂಕದವರೆಗೆ, ಸಿಆರ್‌ಪಿಗೆ 2ರವರೆಗೆ. ನೂರಿನ್ನೂರು ರೂಪಾಯಿಗೆ ಆಗುವ ಯೂರಿಯಾ ಪರೀಕ್ಷೆ ನಾವು ಕೊಂಡ ಪ್ಯಾಕೇಜಿನಲ್ಲಿ ಇಲ್ಲ. ಬೆಲೆಯ ದೊಡ್ಡ ಪಾಲನ್ನು ನುಂಗುವ ಐಎಲ್-6 ಇದೆ. ಇವರ ಸೂಚ್ಯಂಕವನ್ನು ಹೇಗೆ ಲೆಕ್ಕ ಹಾಕುತ್ತೀರಿ, ಯಾವ ರೋಗಿಗಳ ಮೇಲೆ ಪರೀಕ್ಷಿಸಿದ್ದೀರಿ ಎಂದು ಇ-ಮೇಲ್ ಬರೆದು ಕೇಳಿದೆ. ‘ನಮ್ಮ ತಜ್ಞರ ತಂಡ ಸಿದ್ಧಪಡಿಸಿದ ಸ್ವಂತ ವಿಧಾನ’ ಎಂಬ ಒಂದು ಸಾಲಿನ ಉತ್ತರ ಬಂತು.

ಫೆರಿಟಿನ್ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಅದು ಕಬ್ಬಿಣದ ಉಗ್ರಾಣವೂ ಹೌದು, ಉರಿಯೂತದ ಸೂಚಕವೂ ಹೌದು; ಕಬ್ಬಿಣದ ಕೊರತೆಯಿರುವ ಹೆಂಗಸಿನಲ್ಲಿ ಒಂದು ಇನ್ನೊಂದನ್ನು ಮುಚ್ಚಿಹಾಕಬಹುದು. ವಿಪರೀತ ಏರಿದರೆ ವೈದ್ಯರು ಎಚ್‌ಎಲ್‌ಎಚ್‌ನಂಥ, ದೇಹದ ರಕ್ಷಣಾ ವ್ಯವಸ್ಥೆಯೇ ಹದ್ದು ಮೀರುವ ಅಪರೂಪದ, ಅಪಾಯಕಾರಿ ಸ್ಥಿತಿಯನ್ನು ಯೋಚಿಸುತ್ತಾರೆ, ಆದರೆ ಅಂಥ ರೋಗಿ ಅಷ್ಟು ಹೊತ್ತಿಗೆ ಸೋಫಾದ ಮೇಲೆ ಕುಳಿತು ಆ್ಯಪ್‌ನಲ್ಲಿ ಬುಕಿಂಗ್ ಮಾಡುವ ಸ್ಥಿತಿಯಲ್ಲಿ ಇರುವುದಿಲ್ಲ.

ಪ್ರಯೋಗಾಲಯಗಳ ಗುಣಮಟ್ಟ ಪರಿಶೀಲಿಸುವ ರಾಷ್ಟ್ರೀಯ ಮಂಡಳಿ ಎನ್‌ಎಬಿಎಲ್ ಕೊಡುವ ಮಾನ್ಯತೆಯ ಬಗ್ಗೆಯೂ ಒಂದು ಮಾತು. ಕರಪತ್ರದಲ್ಲಿ ಆ ಲಾಂಛನ ದೊಡ್ಡದಾಗಿಯೇ ಇತ್ತು. ಮಾನ್ಯತೆ ಸಿಗುವುದು ಇಡೀ ಕಟ್ಟಡಕ್ಕಲ್ಲ, ಒಂದೊಂದು ಪರೀಕ್ಷೆಗೆ. ನಮ್ಮ ವರದಿಯಲ್ಲಿ ಐಎಲ್-6ರ ಪಕ್ಕ ನಕ್ಷತ್ರದ ಗುರುತಿದ್ದು, ಅದು ಮಾನ್ಯತೆಯ ವ್ಯಾಪ್ತಿಯಲ್ಲಿಲ್ಲ ಎಂದು ಅಡಿಟಿಪ್ಪಣಿ ಹೇಳುತ್ತಿತ್ತು. ಹೊರಗಿನ ಇನ್ನೊಂದು ಪ್ರಯೋಗಾಲಯಕ್ಕೆ ಕಳಿಸಿ ಮಾಡಿಸುತ್ತಾರಂತೆ. ಗಂಟೆಗಂಟೆಗೂ ಬದಲಾಗುವ, ಬೇಗ ಬೇರ್ಪಡಿಸಿ ತಣ್ಣಗಿಡಬೇಕಾದ ಮಾದರಿಯೊಂದು ಬೈಕಿನ ಪೆಟ್ಟಿಗೆಯಲ್ಲಿ ಕರ್ವೆ ರಸ್ತೆಯ ಟ್ರಾಫಿಕ್ ದಾಟಿ ಎಷ್ಟು ಹೊತ್ತಿಗೆ ಎಲ್ಲಿ ಮುಟ್ಟಿತೋ, ವರದಿಯಲ್ಲಿ ಆ ವಿವರವಿಲ್ಲ.

ಅಂಕ ಕೊಡುವುದಾದರೆ, ರಕ್ತ ತೆಗೆಯುವ ಸೇವೆಗೆ ಐದರಲ್ಲಿ ನಾಲ್ಕು. ಆ ಒಂದು ಅಂಕ ಹೋದದ್ದು ಎರಡನೆಯ ಸಲದ ಸಿರಿಂಜಿಗೆ. ಸಿಬಿಸಿಯ ಗುಣಮಟ್ಟಕ್ಕೂ ನಾಲ್ಕು: ಮಗನ ಪ್ಲೇಟ್‌ಲೆಟ್ ಇಳಿದ ದಿನ ಯಂತ್ರದ ಅಂಕಿಯನ್ನಷ್ಟೇ ನಂಬದೆ ಸ್ಲೈಡ್ ನೋಡಿ, ಕಣಗಳು ಗುಂಪುಗೂಡಿಲ್ಲ ಎಂದು ಖಚಿತಪಡಿಸಿ ಬರೆದಿದ್ದರು. ಇಡಿಟಿಎ ನಳಿಕೆಯಲ್ಲಿ ಕೆಲವರ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿ ಯಂತ್ರದ ಎಣಿಕೆ ಸುಳ್ಳೇ ಕಡಿಮೆ ಬರುವುದುಂಟು, ಹಾಗಾಗಿ ಈ ಶ್ರದ್ಧೆ ಮುಖ್ಯ. ತೀವ್ರತಾ ಸೂಚ್ಯಂಕಕ್ಕೆ ನನ್ನಿಂದ ಒಂದಂಕ, ಅದೂ ಚಿತ್ರ ಬಿಡಿಸಿದವರ ಕೈಚಳಕಕ್ಕೆ.

ಇದೇ ಪ್ರಯೋಗಾಲಯವನ್ನು ನಾವು ಈಗಲೂ ಬಳಸುತ್ತೇವೆ, ಪ್ಯಾಕೇಜನ್ನು ಮಾತ್ರ ಬಿಟ್ಟಿದ್ದೇವೆ. ಆ್ಯಪ್‌ನ ಮುಖಪುಟದಲ್ಲಿ ಬಿಡಿ ಪರೀಕ್ಷೆಗಳು ಕಾಣಿಸುವುದಿಲ್ಲ. ಹುಡುಕುವ ಜಾಗದಲ್ಲಿ ಸಿಬಿಸಿ ಎಂದು ಟೈಪ್ ಮಾಡಿದರೆ, ಮೂರು ಪ್ಯಾಕೇಜುಗಳ ಜಾಹೀರಾತಿನ ಕೆಳಗೆ ಅದು ಸಿಗುತ್ತದೆ. ಬೆಳಿಗ್ಗೆ ಎಂಟರೊಳಗಿನ ಸಮಯ ಆರಿಸಿಕೊಂಡರೆ ಮಧ್ಯಾಹ್ನಕ್ಕೆ ವರದಿ ಬರುತ್ತದೆ, ವೈದ್ಯರ ಸಂಜೆಯ ಕ್ಲಿನಿಕ್ಕಿಗೆ ಹೊತ್ತಾಗುವುದಿಲ್ಲ. ಟಿಪ್ಪಣಿಯ ಅಂಕಣದಲ್ಲಿ ‘ಜ್ವರದ ನಾಲ್ಕನೆಯ ದಿನ’ ಎಂದು ನೀವೇ ಬರೆಯಿರಿ. ಅದು ವರದಿಯ ತಲೆಬರಹದಲ್ಲಿ ಹಾಗೆಯೇ ಮುದ್ರಣವಾಗಿ ಬರುತ್ತದೆ, ರಾತ್ರಿಪಾಳಿಯಲ್ಲಿ ಬೇರೆ ವೈದ್ಯರು ನೋಡಬೇಕಾಗಿ ಬಂದಾಗ ಅವರಿಗೆ ಮೊದಲು ಬೇಕಾಗುವುದು ಆ ಸಾಲು.